ಹೊಸಿಲಿನ ಸುಣ್ಣ

ಟಪ್ ಎಂದು ಏನೋ ಬಿತ್ತು. ಕಾಗದದ ಮೇಲೆ ಬಿದ್ದ ಸದ್ದು, ಮೆತ್ತಗಿತ್ತು. ಶೋಭಾರಾಣಿ ಕಣ್ಣು ತೆರೆದು, ಇನ್ನೊಮ್ಮೆ ಕೇಳುತ್ತದೆಯೇ ಎಂದು ಕಾದಳು. ಸ್ವಲ್ಪ ಹೊತ್ತಿಗೆ ಮತ್ತೊಂದು ಬಿತ್ತು. ಆಮೇಲೆ ಎರಡು ಒಟ್ಟಿಗೆ.

ಅವಳು ಹುಳು ಮನೆಯ ಜಗುಲಿಯಲ್ಲಿ ಮಡಿಸುವ ಮಂಚ ಹಾಕಿಕೊಂಡು ಮಲಗಿದ್ದಳು. ಫೋನಿನಲ್ಲಿ ಹನ್ನೊಂದೂ ಮುಕ್ಕಾಲು. ಬಾಗಿಲಿನಾಚೆ ಎಪ್ಪತ್ತೈದು ಚಿಟ್ಟೆಗಳ ಮೊಟ್ಟೆಯಿಂದ ಎದ್ದ ಸಾವಿರಾರು ರೇಷ್ಮೆ ಹುಳುಗಳಿದ್ದವು. ನಾಲ್ಕು ಸಲ ಪೊರೆ ಬಿಟ್ಟು, ಆರು ದಿನದಿಂದ ಹಗಲು ರಾತ್ರಿ ತಿನ್ನುತ್ತಿದ್ದವು. ಮಲಗುವಾಗ ಒಣ ಕಾಗದದ ಮೇಲೆ ಬೆರಳಾಡಿಸಿದಂತೆ ಕೇಳುತ್ತಿದ್ದ ಸೊಪ್ಪು ಮೇಯುವ ಸದ್ದು ಈಗ ತೆಳುವಾಗಿತ್ತು. ಸೊಪ್ಪು ಮುಗಿದಿರಬಹುದು ಎಂದುಕೊಂಡಳು. ಆದರೆ ಹತ್ತು ಗಂಟೆಗೆ ತಾನೇ ಹಾಕಿದ ಸೊಪ್ಪು ಇಷ್ಟು ಬೇಗ ಮುಗಿಯುವುದಿಲ್ಲ ಎಂಬುದೂ ಅವಳಿಗೆ ಗೊತ್ತಿತ್ತು.

ಕೈ ತೊಳೆದು, ರೋಗ ತಗಲದಿರಲೆಂದು ಹೊಸಿಲಿಗೆ ಉದುರಿಸಿದ್ದ ಸುಣ್ಣ ತುಳಿದು ಒಳಗೆ ಹೋಗಿ ಟಾರ್ಚು ಹಾಕಿದಳು. ಸ್ಟ್ಯಾಂಡಿನ ಅಂಚಿಗೆ ಬಂದು ತಲೆ ಎತ್ತಿ ಗಾಳಿಯಲ್ಲಿ ಹುಡುಕುತ್ತಿದ್ದ ಹುಳುಗಳು ಕಂಡವು. ಮೈ ಜೇನಿನ ಬಣ್ಣಕ್ಕೆ ತಿರುಗಿ, ಬೆಳಕು ಒಳಗಿನಿಂದ ಹಾದುಹೋಗುತ್ತಿತ್ತು. ಕೆಲವು ಕೆಳಗೆ ಹಾಸಿದ್ದ ಪೇಪರಿನ ಮೇಲೆ ಬಿದ್ದು ತೆವಳುತ್ತಿದ್ದವು. ಹುಳು ಹಣ್ಣಾಗಿತ್ತು. ನಾಡಿದ್ದು ಆಗಬೇಕಾದದ್ದು ಸೆಕೆಗೆ ಇವತ್ತೇ ಆಗಿತ್ತು. ಈಗ ಆರಿಸಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡದಿದ್ದರೆ ಸಿಕ್ಕಲ್ಲಿ ನೂಲು ಬಿಟ್ಟು, ಕಸದಲ್ಲೇ ಗೂಡು ಕಟ್ಟಿ ಹಾಳಾಗುತ್ತವೆ.

ಗಂಡನಿಗೆ ಫೋನು ಮಾಡಿದಳು. ಮುರಳಿಮೋಹನ್ ಮಧ್ಯಾಹ್ನ ತನ್ನ ತಂದೆ ಆವಲಪ್ಪನವರನ್ನು ಎದೆನೋವೆಂದು ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದ. ಅತ್ತೆ ಅಮ್ಮಾಜಮ್ಮನೂ ಜೊತೆಗಿದ್ದರು.

"ಹಣ್ಣಾಗ್ಬಿಟ್ಟಿದೆ ಕಣ್ರೀ."

"ನಾಡಿದ್ದು ಅಲ್ವಾ?"

"ಹುಳಕ್ಕೆ ಅದನ್ನ ಯಾರು ಹೇಳೋರು?"

"ಅಪ್ಪನ್ನ ಈಗ ವಾರ್ಡಿಗೆ ಹಾಕಿದಾರೆ. ಬೆಳಗ್ಗೆ ದೊಡ್ಡ ಡಾಕ್ಟ್ರು ಬಂದು ನೋಡೋ ತನಕ ನಾನು ಏಳಂಗಿಲ್ಲ. ಯಾರನ್ನಾದ್ರೂ ಕರ್ಕೊ."

"ಯಾರನ್ನ?"

"ಯಾರನ್ನಾದ್ರೂ" ಎಂದ. ಸ್ವಲ್ಪ ತಡೆದು, "ನಮ್ಮೋರನ್ನ" ಎಂದು ಸೇರಿಸಿದ.

ಹುಳು ಆರಿಸುವ ಕೆಲಸ ಆ ಬೀದಿಯಲ್ಲಿ ಮುಯ್ಯಿಯಲ್ಲಿ ನಡೆಯುತ್ತಿತ್ತು. ಇವರ ಮನೆಗೆ ಅವರು, ಅವರ ಮನೆಗೆ ಇವರು. ಆದರೆ ಬೀದಿಗೆ ಬೀದಿಯೇ ಸಂಜೆ ಬಸ್ಸು ಮಾಡಿಕೊಂಡು ಕೈವಾರಕ್ಕೆ ಮದುವೆಗೆ ಹೋಗಿತ್ತು. ಮುಹೂರ್ತ ಬೆಳಗಿನ ಜಾವ. ಊರಲ್ಲಿ ಉಳಿದವರು ಮುದುಕರು ಮತ್ತು ಕಾಲನಿಯವರು.

ಶೋಭಾರಾಣಿಯ ಫೋನಿನಲ್ಲಿ 'ಪ್ರೇಯರ್ ಅನಸೂಯಕ್ಕ' ಎಂಬ ಹೆಸರಿತ್ತು. ಕಾಲನಿಯ ಅನಸೂಯಮ್ಮ ಇವರ ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯುವವಳು. ದಿನಕ್ಕೆ ಮೂರು ಸಲ ಹೊರೆ ತಂದು, ಹುಳು ಮನೆಯ ಮುಂದಿನ ಕಲ್ಲಿನ ಮೇಲೆ ಇಳಿಸಿ, ಒಂದು ಸಲ ಕೆಮ್ಮಿ ಹಿಂದೆ ಸರಿದು ನಿಲ್ಲುತ್ತಿದ್ದಳು. ಒಳಗಿನವರು ಬಂದು ಎತ್ತಿಕೊಳ್ಳುತ್ತಿದ್ದರು. ಹೊರಗಿನವರು ಒಳಗೆ ಬಂದರೆ ಹುಳಕ್ಕೆ ರೋಗ ತಗಲುತ್ತದೆ ಎಂಬ ಮಾತು ನಿಜವೇ. ರೇಷ್ಮೆ ಇಲಾಖೆಯವರು ಕೊಟ್ಟ ಕಾಗದದಲ್ಲೂ ಅದಿತ್ತು. ಆದರೆ ಕೈವಾರಕ್ಕೆ ಹೋದವರೆಲ್ಲ ಹೊರಗಿನವರಾಗಿದ್ದೂ ಒಳಗೆ ಬರುತ್ತಿದ್ದರು, ಅನಸೂಯಮ್ಮ ಮಾತ್ರ ಬರುತ್ತಿರಲಿಲ್ಲ. ಇದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೊಸಿಲಿಗೆ ಸುಣ್ಣ ಹಾಕುತ್ತಿದ್ದರು, ಅಷ್ಟೆ.

ಭಾನುವಾರ ಮಾತ್ರ ಬೇರೆ. ಈಗ ರಜೆಗೆಂದು ತವರಿನಲ್ಲಿದ್ದ ಮಗಳು ಯಾಮಿನಿಗೆ ಹಿಂದೆ ಫಿಟ್ಸು ಬರುತ್ತಿದ್ದ ಎರಡು ವರ್ಷ ಶೋಭಾರಾಣಿ ಅವಳನ್ನೆತ್ತಿಕೊಂಡು ಆಸ್ಪತ್ರೆಗಳನ್ನೂ ದೇವಸ್ಥಾನಗಳನ್ನೂ ಸುತ್ತಿ, ಕೊನೆಗೆ ಶಿಡ್ಲಘಟ್ಟದಲ್ಲಿ ಗೊಬ್ಬರದಂಗಡಿಯ ಮಹಡಿಯ ಮೇಲಿದ್ದ ಪ್ರಾರ್ಥನಾ ಮಂದಿರಕ್ಕೆ ಹೋಗಿದ್ದಳು. ಮಗು ಹುಷಾರಾಯಿತು. ಮಾತ್ರೆಯಿಂದಲೋ ಪ್ರಾರ್ಥನೆಯಿಂದಲೋ ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ. "ಹೋಗೋದಾದ್ರೆ ಹೋಗಮ್ಮ, ಅದನ್ನ ಮನೆಗೆ ಮಾತ್ರ ತರ್ಬೇಡ" ಎಂದಿದ್ದರು ಅಮ್ಮಾಜಮ್ಮ. ಅಲ್ಲಿ ಒಂದೇ ಚಾಪೆ, ಎಲ್ಲರಿಗೂ ಪೇಪರ್ ಕಪ್ಪಿನಲ್ಲಿ ಟೀ. ಅನಸೂಯಮ್ಮ ಅಲ್ಲಿ ಅಕ್ಕ. ವಾಪಸು ಬರುವಾಗ ಬಸ್ಸಿಳಿದ ಮೇಲೆ ಇಬ್ಬರೂ ಬೇರೆ ಬೇರೆ ದಾರಿ ಹಿಡಿಯುತ್ತಿದ್ದರು. ಹಾಗೆಂದು ಯಾವತ್ತೂ ಮಾತಾಡಿಕೊಂಡಿರಲಿಲ್ಲ.

ಫೋನು ಎರಡನೇ ರಿಂಗಿಗೇ ಎತ್ತಿದಳು ಅನಸೂಯಮ್ಮ. "ಯಜಮಾನ್ರಿಗೇನಾಯ್ತಮ್ಮಾ?"

"ಅವರಿಗೆ ಪರವಾಗಿಲ್ಲ. ಹುಳು ಹಣ್ಣಾಗಿದೆ. ಬರ್ತೀಯಾ?"

ಹತ್ತು ನಿಮಿಷಕ್ಕೆ ಬಂದಳು. ಕಲ್ಲಿನ ಹತ್ತಿರ ನಿಂತು ಅಭ್ಯಾಸದಂತೆ ಕೆಮ್ಮಿದಳು.

"ಚಂದ್ರಿಕೆ ಎಲ್ಲಿಟ್ಟಿದೀರಿ? ನಾನು ಇಲ್ಲಿಂದ ಎತ್ತಿ ಎತ್ತಿ ಕೊಡ್ತೀನಿ."

"ಎತ್ತಿಕೊಟ್ರೆ ಸಾಕಾಗಲ್ಲ. ಒಳಗೆ ಬಾ."

ಅನಸೂಯಮ್ಮ ಬಾಗಿಲವರೆಗೆ ಬಂದು, ಒಳಗಿನ ದೀಪದ ಬೆಳಕಿನಲ್ಲಿ ಹೊಸಿಲಿನ ಬಿಳಿ ಸುಣ್ಣವನ್ನು ನೋಡಿದಳು. ಅದರಲ್ಲಿ ಶೋಭಾರಾಣಿಯ ಹೆಜ್ಜೆ ಮಾತ್ರ ಮೂಡಿತ್ತು.

"ಬರೋದೇನು, ಬರ್ತೀನಿ. ನಾಳೆ ನಾಡಿದ್ದು ನಿಮ್ಮ ಹುಳ ಸತ್ರೆ?"

"ಯಾಕೆ ಸಾಯ್ತದೆ?"

"ಹುಳ ಅಂದ್ಮೇಲೆ ಸಾಯ್ತದಮ್ಮ. ಹತ್ತು ಕಾರಣಕ್ಕೆ ಸಾಯ್ತದೆ. ಆದ್ರೆ ನಾನು ತುಳಿದಿದ್ದಕ್ಕೇ ಸತ್ತಂಗಾಗ್ತದೆ. ಗಂಗುಲಮ್ಮನ ವಿಷ್ಯ ನಿಮಗೆ ಗೊತ್ತಿಲ್ದಿದ್ದೇನಲ್ಲ. ನನಗೆ ಇರೋದು ಇದೊಂದೇ ಕೂಲಿ."

ಗೊತ್ತಿತ್ತು. ಆರು ವರ್ಷದ ಹಿಂದೆ ಇದೇ ಮನೆಯಲ್ಲಿ ಸೊಪ್ಪು ಹೊರುತ್ತಿದ್ದವಳು ಗಂಗುಲಮ್ಮ. ಒಂದು ಸಂಜೆ ಗಾಳಿ ಎದ್ದಿತು. ಕೆಮ್ಮಿದರೂ ಒಳಗಿನಿಂದ ಯಾರೂ ಬರಲಿಲ್ಲ. ಸೊಪ್ಪು ಬಾಡುತ್ತದೆ ಎಂದು ಅವಳೇ ಹೊರೆಯನ್ನು ಒಳಗೆ ಇಟ್ಟುಹೋದಳು. ಸುಣ್ಣದಲ್ಲಿ ಹೆಜ್ಜೆ ಮೂಡಿತು. ನಾಲ್ಕು ದಿನಕ್ಕೆ ಹುಳಕ್ಕೆ ಸಪ್ಪೆ ರೋಗ ಬಂದು ತಿಪ್ಪೆಗೆ ಸುರಿಯಬೇಕಾಯಿತು. "ತುಳಿದ್ಲಲ್ಲ" ಎಂದರು ಅಮ್ಮಾಜಮ್ಮ. ಅಷ್ಟೇ ಅಂದದ್ದು. ಆಮೇಲೆ ಆ ಊರಿನಲ್ಲಾಗಲಿ ಪಕ್ಕದ ಊರಿನಲ್ಲಾಗಲಿ ಗಂಗುಲಮ್ಮನನ್ನು ಯಾರೂ ತೋಟಕ್ಕೆ ಕರೆಯಲಿಲ್ಲ. ಅವಳು ಚಿಂತಾಮಣಿ ಕಡೆ ಇಟ್ಟಿಗೆ ಗೂಡಿಗೆ ಹೋದಳು.

ಆಗ ಶೋಭಾರಾಣಿ ಮದುವೆಯಾಗಿ ಎಂಟು ತಿಂಗಳಾದ ಸೊಸೆ. ಚಿಂತಾಮಣಿಯಲ್ಲಿ ಬಿ.ಕಾಂ. ಮುಗಿಸಿ ಬಂದವಳು, ಗೋಡೆಗೆ ಅಂಟಿಸಿದ್ದ ಇಲಾಖೆಯ ಕಾಗದವನ್ನು ಮನೆಯಲ್ಲಿ ಓದಿದವಳು ಅವಳೊಬ್ಬಳೇ. ಒದ್ದೆ ಸೊಪ್ಪು ಹಾಕಬಾರದು ಎಂದು ಅದರಲ್ಲಿ ಇತ್ತು. ಗಂಗುಲಮ್ಮ ಒಳಗೆ ಬರುವ ಹಿಂದಿನ ರಾತ್ರಿ ಮಳೆಯಲ್ಲಿ ನೆನೆದ ಸೊಪ್ಪನ್ನು ಗಂಡ ಒದರದೆ ಹಾಕಿದ್ದು, ಎಲೆಯ ಮೇಲಿನ ಹನಿ ದೀಪಕ್ಕೆ ಹೊಳೆದದ್ದು ಅವಳು ಕಂಡಿದ್ದಳು. ಮರುದಿನವೂ ಹಾಕಿದ. ಅವಳು ಆಗಲೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.

"ಸತ್ರೆ ನಾನು ಹೇಳ್ತೀನಿ, ನಾನೇ ಕರೆದದ್ದು ಅಂತ" ಎಂದಳು ಈಗ.

"ನೀವು ಹೇಳ್ತೀರಿ. ಅವರು ಕೇಳ್ಬೇಕಲ್ಲ."

ಒಳಗೆ ಮತ್ತೊಂದು ಹುಳು ಬಿದ್ದ ಸದ್ದಾಯಿತು. ಅನಸೂಯಮ್ಮ ಆ ಕಡೆ ಕಿವಿ ಕೊಟ್ಟಳು. ಅವಳ ಮುಖ ಬದಲಾಯಿತು.

"ಅಯ್ಯ, ಅಂಚಿಗೆ ಬಂದು ಬೀಳ್ತಾವಲ್ಲ. ನೀರೆಲ್ಲಿ?"

ಬ್ಲೀಚಿಂಗ್ ನೀರಿನಲ್ಲಿ ಮೊಣಕೈವರೆಗೆ ತೊಳೆದು, ಸೆರಗು ಬಿಗಿದು, ಸುಣ್ಣದ ಮೇಲೆ ಕಾಲಿಟ್ಟು ಒಳಗೆ ಬಂದಳು.

ಅವಳ ಕೈ ನೋಡಿ ಶೋಭಾರಾಣಿಗೆ ಆಶ್ಚರ್ಯವಾಯಿತು. ಹಣ್ಣಾದದ್ದನ್ನೂ ಆಗದ್ದನ್ನೂ ಕತ್ತಲಲ್ಲೇ ಬೇರೆ ಮಾಡುವಂತೆ ಬೆರಳುಗಳು ಹೋಗುತ್ತಿದ್ದವು. ಎರಡು ಬೆರಳಲ್ಲಿ ಎತ್ತಿ, ಅಂಗೈಯಲ್ಲಿ ಐದಾರು ಸೇರಿದ ಮೇಲೆ ಚಂದ್ರಿಕೆಯ ಬಿದಿರಿನ ಸುರುಳಿಯ ನಡುವೆ ಸಮವಾಗಿ ಬಿಡುತ್ತಿದ್ದಳು. ಒಂದರ ಮೇಲೆ ಒಂದು ಬೀಳುತ್ತಿರಲಿಲ್ಲ.

"ಎಲ್ಲಿ ಕಲ್ತೆ?"

"ಗೌರಿಬಿದನೂರು ಹತ್ರ, ನಮ್ಮಮ್ಮನ ಮನೇಲಿ. ನಮ್ಮ ಮಾವ ನಲ್ಲಪ್ಪ ಅಂತ, ಅವರೇ ಹುಳ ಸಾಕ್ತಿದ್ರು. ನಮ್ಮದೇ ಹುಳು ಮನೆ. ಹತ್ತು ವರ್ಷದೋಳಿದ್ದಾಗಿಂದ ಆರ್ಸಿದೀನಿ."

"ನನಗೆ ಗೊತ್ತೇ ಇರ್ಲಿಲ್ಲ."

"ನೀವು ಕೇಳಿದ್ರಾ?"

ಅವಳು ಅದನ್ನು ಚುಚ್ಚಲು ಹೇಳಿದಂತಿರಲಿಲ್ಲ. ಕೈ ನಿಲ್ಲಿಸದೆ ಹೇಳಿದಳು. ಶೋಭಾರಾಣಿ ಮುಂದಿನ ಹುಳು ಎತ್ತಿಕೊಂಡಳು. ಅನಸೂಯಮ್ಮ ಎರಡು ಚಂದ್ರಿಕೆ ಮುಗಿಸುವಷ್ಟರಲ್ಲಿ ಇವಳದು ಒಂದು ಮುಗಿಯುತ್ತಿತ್ತು.

"ಹಂಗೆ ಹಿಸುಕ್ಬೇಡಿ. ಇದೇನು ಪರೀಕ್ಷೆ ಬರೆಯೋ ಪೆನ್ನಾ?"

ಇಬ್ಬರೂ ನಕ್ಕರು. ಎರಡು ಗಂಟೆಯ ಹೊತ್ತಿಗೆ ಮಾತು ತಾನಾಗಿ ಬರತೊಡಗಿತು.

"ಒಂದು ಕೇಳ್ತೀನಿ" ಎಂದಳು ಅನಸೂಯಮ್ಮ. "ಈಗ ನಿಮ್ಮನ್ನ ಸಿಸ್ಟರ್ ಅನ್ನಲಾ, ಶೋಭಮ್ಮ ಅನ್ನಲಾ? ಭಾನುವಾರಾನೂ ಅಲ್ಲ, ಹಗಲೂ ಅಲ್ಲ."

"ಹೇಗೆ ಬೇಕಾದ್ರೂ ಅನ್ನು."

"ಪಾಸ್ಟರ್ ಅಯ್ನೋರು ಹೇಳ್ತಿರ್ತಾರಲ್ಲ, ಭೇದ ಇಲ್ದೆ ಎಲ್ರನ್ನೂ ಪ್ರೀತಿಸ್ಬೇಕು ಅಂತ. ನಾನು ಬೆಳಗ್ಗೆ ಪ್ರಾರ್ಥನೇಲಿ ನಿಮ್ಮತ್ತೆ ಹೆಸರೂ ಹೇಳ್ತೀನಿ. ಅವರನ್ನ ಪ್ರೀತಿಸೋದು ನಂಗೇನು ಕಷ್ಟ ಇಲ್ಲ. ದೂರ ಇದಾರೆ, ದೂರಾನೇ ಅಂತಾನೂ ಗೊತ್ತು. ನಿಮ್ಮ ಹೆಸರು ಹೇಳ್ಬೇಕಾದ್ರೆ ಸ್ವಲ್ಪ ತಡೀತದೆ."

ಶೋಭಾರಾಣಿಯ ಕೈ ನಿಂತಿತು.

"ಭಾನುವಾರ ಪಕ್ಕದಲ್ಲಿ ಕೂತ್ಕೊಂಡು ಅಕ್ಕ ಅಂತೀರಿ. ಸೋಮವಾರ ನಾನು ಹೊರೆ ಇಳ್ಸಿ ಹಿಂದಕ್ಕೆ ಹೋದ್ಮೇಲೆ ಬಂದು ಎತ್ಕೋತೀರಿ. ನಾನು ಇನ್ನೂ ಅಲ್ಲೇ ನಿಂತಿದ್ರೆ ಬಾಗಿಲಲ್ಲೇ ಕಾಯ್ತೀರಿ. ತಪ್ಪು ತಿಳ್ಕೋಬೇಡಿ, ಜಗಳಕ್ಕೆ ಹೇಳ್ತಿಲ್ಲ. ಆ ಹುಳ ಬೀಳ್ತದೆ, ಹಿಡೀರಿ."

ಶೋಭಾರಾಣಿ ಹಿಡಿದಳು. ಏನಾದರೂ ಹೇಳಬೇಕೆನ್ನಿಸಿತು. ಹೇಳಬಹುದಾದ ಮಾತುಗಳನ್ನು ಒಂದೊಂದಾಗಿ ಮನಸ್ಸಿನಲ್ಲಿ ಎತ್ತಿ ನೋಡಿದಳು. ಎಲ್ಲವೂ ತನ್ನನ್ನು ಕಾಪಾಡಿಕೊಳ್ಳುವ ಮಾತುಗಳಾಗಿದ್ದವು. ಕಾಫಿ ಮಾಡುತ್ತೇನೆಂದು ಎದ್ದಳು.

ಮನೆಯಿಂದ ಎರಡು ಸ್ಟೀಲ್ ಲೋಟದಲ್ಲಿ ಕಾಫಿ ತಂದಳು. ಅನಸೂಯಮ್ಮ ಜಗುಲಿಗೆ ಬಂದು, ಲೋಟವನ್ನು ತುಟಿಗೆ ತಾಗಿಸದೆ ಎತ್ತಿ ಕುಡಿದಳು.

"ಕಚ್ಚಿ ಕುಡಿ ಅಕ್ಕ, ಸುಡ್ತದೆ."

"ಅಭ್ಯಾಸ" ಎಂದಳು. ಕುಡಿದಾದ ಮೇಲೆ ನಲ್ಲಿಗೆ ಹೋಗಿ ಲೋಟವನ್ನು ತಾನೇ ತೊಳೆದು, ಹೊರೆ ಇಳಿಸುವ ಕಲ್ಲಿನ ಮೇಲೆ ಬೋರಲು ಹಾಕಿ ಬಂದಳು. ಬೇಡ ಎನ್ನುವಷ್ಟರಲ್ಲಿ ಆಗಿಹೋಗಿತ್ತು.

ನಾಲ್ಕೂವರೆಗೆ ಹನ್ನೊಂದು ಚಂದ್ರಿಕೆ ತುಂಬಿದವು. ಉಳಿದ ಹುಳು ಇನ್ನೂ ಹಸಿರಿತ್ತು, ಹಗಲಲ್ಲಿ ಆರಿಸಿದರೆ ಸಾಕು. ಹೊರಡುವಾಗ ಅನಸೂಯಮ್ಮ ಬಾಗಿಲಲ್ಲಿ ನಿಂತಳು.

"ಮುಂದಿನ ಬೆಳೆಗೆ ಕರೀರಿ. ಆದ್ರೆ ಹಗಲು ಹೊತ್ತು ಕರೀರಿ."

ಅವಳು ಹೋದ ಮೇಲೆ ಶೋಭಾರಾಣಿ ಹೊಸಿಲು ನೋಡಿದಳು. ಅಗಲವಾದ ಪಾದ, ಬಿಡಿಬಿಡಿಯಾದ ಬೆರಳು, ತನ್ನ ಹೆಜ್ಜೆಯ ಪಕ್ಕದಲ್ಲೇ. ಡಬ್ಬದಿಂದ ಸುಣ್ಣ ತೆಗೆದು ಅದರ ಮೇಲೆ ಉದುರಿಸಿದಳು. ಅನಸೂಯಮ್ಮನಿಗೆ ತೊಂದರೆಯಾಗಬಾರದೆಂದು ಹಾಕುತ್ತಿದ್ದೇನೆ ಎಂದುಕೊಂಡಳು. ಅದು ಪೂರ್ತಿ ನಿಜವೇ ಎಂದು ಅವಳಿಗೆ ತಿಳಿಯಲಿಲ್ಲ. ಕಾಲನಿಯ ಕಡೆ ಕೋಳಿ ಕೂಗಿತು.

ಏಳು ಗಂಟೆಯ ಬಸ್ಸಿಗೆ ಅಮ್ಮಾಜಮ್ಮ ಬಂದರು. ಆವಲಪ್ಪನವರಿಗೆ ಹೃದಯದ ತೊಂದರೆ ಅಲ್ಲ, ಗ್ಯಾಸ್ ಇರಬೇಕು ಎಂದು ರಾತ್ರಿಯ ಡಾಕ್ಟರು ಹೇಳಿದ್ದರು; ದೊಡ್ಡ ಡಾಕ್ಟರಿಗಾಗಿ ಮುರಳಿಮೋಹನ್ ಅಲ್ಲೇ ಉಳಿದಿದ್ದ. ಮನೆಗೂ ಹೋಗದೆ ಹುಳು ಮನೆಗೇ ಬಂದು ಸಾಲಾಗಿ ನಿಂತ ಚಂದ್ರಿಕೆಗಳನ್ನು ನೋಡಿದರು.

"ಏಮೇ, ಇಷ್ಟೂ ಒಬ್ಳೇ ಆರ್ಸಿದ್ಯಾ?"

"ರಾತ್ರಿಯೆಲ್ಲ ಆಯ್ತು ಅತ್ತೆ" ಎಂದಳು ಶೋಭಾರಾಣಿ. ಅದು ಸುಳ್ಳಲ್ಲ.

"ನಮ್ಮ ಊರ ದೇವ್ರು ಗಂಗಮ್ಮ ತಾಯಿ ಕೈ ಬಿಡ್ಲಿಲ್ಲ ನೋಡು." ಹೊರಗೆ ಬಂದವರು ಕಲ್ಲಿನ ಮೇಲಿದ್ದ ಲೋಟ ನೋಡಿದರು. "ಇದ್ಯಾಕೆ ಇಲ್ಲಿ ಬಿದ್ದಿದೆ? ಕಾಗೆ ಎತ್ಕೊಂಡು ಹೋಗ್ತದೆ." ಅದನ್ನು ಎತ್ತಿಕೊಂಡು ಹೋಗಿ ಅಡುಗೆಮನೆಯ ಸಾಲಿನಲ್ಲಿ ಉಳಿದ ಲೋಟಗಳ ಜೊತೆ ಇಟ್ಟರು. ಆಮೇಲೆ ಬಾಯಾರಿತೆಂದು ಅದರಲ್ಲೇ ನೀರು ಕುಡಿದರು. 

ಮೂರು ದಿನ ಶೋಭಾರಾಣಿಗೆ ನಿದ್ದೆ ಬರಲಿಲ್ಲ. ರೋಗವಿದ್ದರೆ ಹುಳು ಚಂದ್ರಿಕೆಯಲ್ಲೇ ಕಪ್ಪಾಗಿ ಜೋತುಬೀಳುತ್ತದೆ. ದಿನಕ್ಕೆ ಹತ್ತು ಸಲ ಹೋಗಿ ನೋಡಿ ಬರುತ್ತಿದ್ದಳು. ಒಂದು ಸತ್ತಿದ್ದರೆ ಅಮ್ಮಾಜಮ್ಮ ನೋಡುವ ಮೊದಲೇ ಸೆರಗಿನಲ್ಲಿ ಸುತ್ತಿ ಆಚೆ ಹಾಕುತ್ತಿದ್ದಳು. ಅಂಥವು ನಾಲ್ಕು ಸಿಕ್ಕವು. ನಾಲ್ಕು ಯಾವ ಬೆಳೆಯಲ್ಲೂ ಸಿಗುತ್ತವೆ. ಶನಿವಾರ ಗೂಡು ಒತ್ತಿ ನೋಡಿದರೆ ಗಟ್ಟಿಯಾಗಿತ್ತು. ಇಂಥ ಗೂಡು ಕಂಡು ಮೂರು ವರ್ಷವಾಯಿತು ಎಂದ ಮುರಳಿಮೋಹನ್.

ಆ ರಾತ್ರಿ ಅವಳು ಒಂದು ನೋಟ್‌ಬುಕ್ಕಿನಲ್ಲಿ ಸಾಕ್ಷಿ ಬರೆದಳು. ಪ್ರಾರ್ಥನಾ ಮಂದಿರದಲ್ಲಿ ವಾರವಾರ ಇಬ್ಬರು ಮೂವರು ಎದ್ದು, ದೇವರು ತಮಗೆ ಮಾಡಿದ್ದನ್ನು ಎಲ್ಲರ ಮುಂದೆ ಹೇಳುವ ಪದ್ಧತಿ. ಅವಳು ಯಾವತ್ತೂ ಎದ್ದಿರಲಿಲ್ಲ. ಈಗ ಹೇಳಲು ಒಂದು ವಿಷಯವಿದೆ ಅನ್ನಿಸಿತ್ತು. ನನ್ನಲ್ಲೂ ಭೇದವಿತ್ತು, ಆ ರಾತ್ರಿ ನಾನು ಸಹೋದರಿ ಅನಸೂಯಮ್ಮನವರನ್ನು ನಮ್ಮ ಹುಳು ಮನೆಯ ಒಳಗೆ ಕರೆದೆ, ಕರ್ತನು ನಮ್ಮ ಬೆಳೆಯನ್ನು ಆಶೀರ್ವದಿಸಿದನು. ಎರಡು ಸಲ ತಿದ್ದಿ ಬರೆದಳು. ಓದಿದರೆ ಚೆನ್ನಾಗಿತ್ತು.

ಭಾನುವಾರ ಪಾಸ್ಟರ್ ಸುನೀಲ್ ನೆರೆಯವರು ಎಂದರೆ ಯಾರು ಎಂಬುದರ ಮೇಲೆ ಅರ್ಧ ಗಂಟೆ ಮಾತಾಡಿದರು. ನಮಗೆ ಇಷ್ಟವಾದವರನ್ನು ಪ್ರೀತಿಸಲು ದೇವರ ಅಪ್ಪಣೆ ಬೇಕಾಗಿಲ್ಲ ಎಂದರು. ಆಮೇಲೆ ಸಾಕ್ಷಿಯ ಹೊತ್ತು. ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಮುಂದಿಟ್ಟರು. ಸಾಕ್ಷಿಯ ವಿಡಿಯೋ ಸಂಜೆಯೊಳಗೆ ವಾಟ್ಸಾಪಿನಲ್ಲಿ ಬರುತ್ತಿತ್ತು. ಪ್ರಾರ್ಥನೆಗೆ ಬರದವರೂ, ಯಾರು ಯಾರು ಬಂದಿದ್ದಾರೆಂದು ನೋಡುವುದಕ್ಕೆ ಅದನ್ನು ನೋಡುತ್ತಿದ್ದರು. ಕೈವಾರಕ್ಕೆ ಮದುವೆಗೆ ಹೋದವರೂ ನೋಡುತ್ತಿದ್ದರು.

"ಸಿಸ್ಟರ್ ಶೋಭಾರಾಣಿ ಇವತ್ತು ಹೇಳ್ತೀನಿ ಅಂದಿದಾರೆ. ಬನ್ನಿ ಸಿಸ್ಟರ್."

ಅವಳು ನೋಟ್‌ಬುಕ್ಕು ಹಿಡಿದು ಎದ್ದಳು. ಅನಸೂಯಮ್ಮ ಎರಡನೇ ಸಾಲಿನಲ್ಲಿ, ಗೋಡೆಗೆ ಒರಗಿ ಕೂತಿದ್ದಳು. ನೋಟ್‌ಬುಕ್ಕು ನೋಡಿ ಅವಳಿಗೆ ಅರ್ಥವಾಯಿತೆಂದು ಕಾಣುತ್ತದೆ. ಸೆರಗನ್ನು ತಲೆಯ ಮೇಲೆ ಇನ್ನಷ್ಟು ಮುಂದಕ್ಕೆಳೆದುಕೊಂಡು ಚಾಪೆಯ ಅಂಚು ನೋಡತೊಡಗಿದಳು. ಹೊರೆ ಇಳಿಸಿ ಹಿಂದೆ ಸರಿದು ನಿಲ್ಲುವಾಗಲೂ ಅವಳು ನಿಲ್ಲುತ್ತಿದ್ದುದು ಹೀಗೆಯೇ.

ಮುಂದಿನ ಬೆಳೆಗೆ ಬೀದಿಯ ಯಾವ ಮನೆಯಲ್ಲಿ ಹುಳು ಸತ್ತರೂ ಈ ವಿಡಿಯೋ ಇರುತ್ತದೆ. ಆರು ವರ್ಷದ ಹಿಂದೆ ಸುಣ್ಣದ ಮೇಲೆ ಮೂಡಿದ್ದ ಹೆಜ್ಜೆಯಂತೆ. ಇದರ ಮೇಲೆ ಉದುರಿಸಲು ಸುಣ್ಣ ಸಿಗುವುದಿಲ್ಲ. ಶೋಭಾರಾಣಿ ಹಾಳೆ ತೆರೆದಳು. ಬರೆದದ್ದನ್ನು ಇನ್ನೊಮ್ಮೆ ನೋಡಿದಳು. ಅದರಲ್ಲಿ ಎಂಟು ಸಲ 'ನಾನು' ಇತ್ತು. ನೋಟ್‌ಬುಕ್ಕು ಮುಚ್ಚಿದಳು.

"ಸಿಸ್ಟರ್, ಹೇಳಿ" ಎಂದರು ಪಾಸ್ಟರ್.

"ಆರು ವರ್ಷದ ಹಿಂದೆ ನಮ್ಮ ಮನೇಲಿ ಹುಳು ಸತ್ತಿತ್ತು" ಎಂದಳು. ಧ್ವನಿ ಸಣ್ಣದಾಗಿತ್ತು. "ಗಂಗುಲಮ್ಮ ಅಂತ ಒಬ್ಬರು ಒಳಗೆ ಬಂದ್ರು, ಅದಕ್ಕೇ ಸತ್ತಿತು ಅಂದ್ರು. ಅವರು ಅದಕ್ಕೆ ಊರು ಬಿಟ್ರು. ಅವರಿಂದ ಅಲ್ಲ. ನಾವು ಎರಡು ದಿನ ಒದ್ದೆ ಸೊಪ್ಪು ಹಾಕಿದ್ವಿ. ನಾನು ಅದನ್ನ ಕಣ್ಣಾರೆ ನೋಡಿದ್ದೆ. ಹಾಕಬಾರದು ಅಂತ ಓದಿಯೂ ಇದ್ದೆ. ಬಾಯಿ ಬಿಡ್ಲಿಲ್ಲ. ಅಷ್ಟೇ."

ಬೇರೆಯವರ ಸಾಕ್ಷಿ ಮುಗಿದಾಗ ಅನ್ನುವಂತೆ ಯಾರೂ ಸ್ತೋತ್ರ ಎನ್ನಲಿಲ್ಲ. ಅದು ಸ್ತೋತ್ರ ಎನ್ನುವಂಥ ಸಾಕ್ಷಿಯಾಗಿರಲಿಲ್ಲ. ಪಾಸ್ಟರ್ ಫೋನಿನ ಕಡೆ ಕೈ ಚಾಚಿ, "ಇದನ್ನ ತೆಗೆದುಬಿಡ್ಲಾ ಸಿಸ್ಟರ್? ನಿಮ್ಮ ಮನೇಲಿ..." ಎಂದರು.

"ಇರ್ಲಿ" ಎಂದಳು.

ಟೀ ಬಂತು. ಅನಸೂಯಮ್ಮ ಪಕ್ಕಕ್ಕೆ ಬಂದು ಕೂತು ಪೇಪರ್ ಕಪ್ಪು ತುಟಿಗಿಟ್ಟಳು.

"ನಿಮ್ಮತ್ತೆ ಸಾಯಂಕಾಲ ನೋಡ್ತಾರೆ" ಎಂದಳು ಮೆಲ್ಲಗೆ.

"ನೋಡ್ತಾರೆ."

"ಇಟ್ಟಿಗೆ ಗೂಡಿನಲ್ಲಿ ಗಂಗುಲಮ್ಮನ ಮಗನ ಹತ್ರ ಫೋನಿದೆ. ಅವನ ನಂಬರ್ ನನ್ನತ್ರ ಇದೆ, ಕಳಿಸ್ತೀನಿ."

ಬಸ್ಸಿಳಿದ ಮೇಲೆ ಶೋಭಾರಾಣಿ ಕಾಲನಿಯ ತಿರುವಿನವರೆಗೆ ಅವಳ ಜೊತೆ ನಡೆದಳು.  ಅಂಗಡಿಯ ಮುಂದೆ ಕೂತಿದ್ದ ಇಬ್ಬರು ನೋಡಿದರು. ತಿರುವಿನಲ್ಲಿ ಅನಸೂಯಮ್ಮ, "ಮಧ್ಯಾಹ್ನದ ಹೊರೆ ತರ್ತೀನಿ, ನಿಮ್ಮ ಇನ್ನೊಂದು ಹುಳು ಮನೇಲಿರೋ ಎಳೇ ಹುಳಕ್ಕೆ ಬೇಕಲ್ಲ" ಎಂದು ಹೋದಳು.

ಮನೆಯ ಬಾಗಿಲಲ್ಲಿ ಅಮ್ಮಾಜಮ್ಮ ಗೂಡು ಬಿಡಿಸುತ್ತ ಕೂತಿದ್ದರು. ಸಂಜೆ ಈ ಮುಖ ಹೇಗಿರುತ್ತದೆ ಎಂದು ಶೋಭಾರಾಣಿ ಲೆಕ್ಕ ಹಾಕಲು ಹೋಗಿ ಬಿಟ್ಟಳು. ಕೇಳಿದ್ದಕ್ಕೆಲ್ಲ ಉತ್ತರ ಕೊಡಬೇಕಾಗುತ್ತದೆ, ಒದ್ದೆ ಸೊಪ್ಪಿನ ಬಗ್ಗೆ, ಗಂಗುಲಮ್ಮನ ಬಗ್ಗೆ. ಕೊಡುತ್ತಾಳೆ.

ನೋಟ್‌ಬುಕ್ಕಿನ ಹಾಳೆಯನ್ನು ಹರಿದು ಒಲೆಗೆ ಹಾಕಿದಳು. ಹಗಲಲ್ಲಿ, ಎಲ್ಲರೆದುರಿಗೆ, ಅದೇ ಬಾಗಿಲಲ್ಲಿ ನಿಂತು ಅಕ್ಕ ಒಳಗೆ ಬಾ ಎಂದು ಕರೆಯುವುದು ಇನ್ನೂ ಬಾಕಿಯಿತ್ತು. ಅದು ಆಗುವವರೆಗೆ ಆ ರಾತ್ರಿಯದು ಹೇಳುವಂಥದ್ದೇನಲ್ಲ. ಆದ ಮೇಲೆ ಹೇಳುವ ಅಗತ್ಯವೂ ಇರುವುದಿಲ್ಲ. ಗಂಡನಿಗೂ, ಪಾಸ್ಟರಿಗೂ, ಯಾರಿಗೂ ಅದನ್ನು ಹೇಳಬಾರದೆಂದು ಅವಳು ತೀರ್ಮಾನಿಸಿದಳು.